ನಾಲ್ಕು ಗುಂಡಿಯ ಕಚೇರಿ

ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಿಮಿಷಪ್ಪನ ಮನೆಯ ಕಂಪ್ಯೂಟರಿನ ಪರದೆಯ ಮೇಲಿದ್ದ ಐಕಾನುಗಳೆಲ್ಲ ಒಂದೂ ಬಿಡದಂತೆ ಮಾಯವಾದವು. ಅವನು ಅಂಥ ಘನಂದಾರಿ ಕೆಲಸವನ್ನೇನೂ ಮಾಡಿರಲಿಲ್ಲ. ಪಕ್ಕದ ಮನೆಯ ನಾಯಿಯ ಮೇಲೆ ಬರೆದಿಟ್ಟು, ಕಳಿಸಲು ಧೈರ್ಯ ಸಾಲದೆ ಉಳಿಸಿಕೊಂಡಿದ್ದ ದೂರಿನ ಪತ್ರವೊಂದನ್ನು ಹುಡುಕುತ್ತಿದ್ದ. ಮೌಸಿನ ಬಲಗಡೆ ಒತ್ತಿದ. ಒಂದು ಪಟ್ಟಿ ತೆರೆದುಕೊಂಡಿತು. ಅದನ್ನು ಓದಲೆಂದು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಬೆರಳು ಎಲ್ಲೋ ತಗುಲಿತು. ಅಷ್ಟೇ. ಹನ್ನೊಂದು ವರ್ಷಗಳಿಂದ ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಪರದೆಯ ತುಂಬ ಹರಡಿಕೊಂಡಿದ್ದ ಫೋಟೋ, ಪತ್ರ, ಅರ್ಜಿ, ಹಾಡು ಎಲ್ಲ ಹೋಗಿ ಬರೀ ನೀಲಿ ಬಣ್ಣ ಉಳಿಯಿತು.

ನಿಮಿಷಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವನು ಬಸ್ ಸಂಸ್ಥೆಯ ಕಳೆದುಹೋದ ವಸ್ತುಗಳ ಕಚೇರಿಯಲ್ಲಿ ಗುಮಾಸ್ತ. ಜನ ಬಸ್ಸಿನಲ್ಲಿ ಬಿಟ್ಟುಹೋದ ಛತ್ರಿ, ಚೀಲ, ಕನ್ನಡಕ, ಹಲ್ಲಿನ ಸೆಟ್ಟುಗಳಿಗೆ ಚೀಟಿ ಕಟ್ಟಿ ಉಗ್ರಾಣಕ್ಕೆ ಕಳಿಸುವುದು ಅವನ ಕೆಲಸ. ಯಾರು ಏನು ಕೇಳಿದರೂ ಅವನ ಬಾಯಿಂದ ಮೊದಲು ಬರುತ್ತಿದ್ದುದು "ಒಂದ್ನಿಮಿಷ" ಎಂಬ ಮಾತು. ಆ ಒಂದು ನಿಮಿಷ ಅರ್ಧ ಗಂಟೆಯಾಗುವುದೂ ಇತ್ತು, ಅರ್ಧ ದಿನವಾಗುವುದೂ ಇತ್ತು. ಸಹೋದ್ಯೋಗಿಗಳು ಅದಕ್ಕೊಂದು 'ಅಪ್ಪ' ಸೇರಿಸಿ ಗೌರವದಿಂದ ಕರೆದರು. ಈಗ ಹೆಂಡತಿಯೂ ಸಿಟ್ಟು ಬಂದಾಗ ಹಾಗೆಯೇ ಕರೆಯುತ್ತಾಳೆ.

ಐಕಾನುಗಳು ಹೋದದ್ದು ಅಷ್ಟು ದೊಡ್ಡ ಅನಾಹುತವಾಗಿರಲಿಲ್ಲ. ಆದರೆ ಅವು ಹೋದ ಗಳಿಗೆ ಸರಿಯಿರಲಿಲ್ಲ. ಅದೇ ಹೊತ್ತಿಗೆ ಅವನ ಷಡ್ಡಕ ಊಟಕ್ಕೆಂದು ಬಂದು, ಚಪ್ಪಲಿ ಬಿಟ್ಟು, ನೇರವಾಗಿ ಅವನ ಬೆನ್ನ ಹಿಂದೆ ನಿಂತಿದ್ದ. ಈ ಷಡ್ಡಕ, ಎಂದರೆ ಹೆಂಡತಿಯ ಅಕ್ಕನ ಗಂಡ, ಅದೇ ಬಸ್ ಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ನಲ್ಲಿ ಸೋರಿದರೆ ಯಾಕೆ ಸೋರಿತು, ಮಕ್ಕಳಿಗೆ ಕೆಮ್ಮು ಬಂದರೆ ಯಾಕೆ ಬಂತು, ಎಲ್ಲವನ್ನೂ ಬಲ್ಲವನು. ಹತ್ತೊಂಬತ್ತು ವರ್ಷಗಳಿಂದ ನಿಮಿಷಪ್ಪ ಅವನೆದುರು ತಲೆಯಾಡಿಸಿ ತಲೆಯಾಡಿಸಿ ಕುತ್ತಿಗೆ ನೋಯಿಸಿಕೊಂಡಿದ್ದ.

"ಏನ್ರೀ ಷಡ್ಡಕ್ರೇ, ಬೋಳು ಬೋಳಾಗಿದೆ?" ಎಂದ ಷಡ್ಡಕ.

ಬೇರೆ ಯಾರೇ ಕೇಳಿದ್ದರೂ ನಿಮಿಷಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಿದ್ದ. ಆದರೆ ಆ ದನಿಯಲ್ಲಿ, ಇವನು ಏನೋ ಕೆಡಿಸಿದ್ದಾನೆ, ಇನ್ನು ನಾನು ಸರಿಮಾಡಿ ಪಾಠ ಹೇಳಬಹುದು ಎಂಬ ಸಂತೋಷವಿತ್ತು. ಆ ಸಂತೋಷ ನಿಮಿಷಪ್ಪನಿಗೆ ಸಹಿಸಲಾಗಲಿಲ್ಲ.

"ಸರಳ ಮಾಡಿದೀನಿ," ಎಂದುಬಿಟ್ಟ.

ಸರಳ ಎಂದರೆ ಏನು ಎಂದು ಷಡ್ಡಕ ಕೇಳಿದ. ಕಣ್ಣಿಗೆ ಬೇಡದ್ದು ಕಾಣಬಾರದು, ಈಗೆಲ್ಲ ಹೀಗೇ ಎಂದ ನಿಮಿಷಪ್ಪ. ಹಾಗಾದರೆ ಬೇಕಾದದ್ದು ಎಂಬ ಪ್ರಶ್ನೆಗೆ, ಬೇಕು ಅನ್ನಿಸಿದಾಗ ಅದು ಬರುತ್ತದೆ, ಅಲ್ಲಿಯವರೆಗೆ ತೊಂದರೆ ಕೊಡಬಾರದು ಎಂದೂ ಹೇಳಿದ. ತಾನು ಏನು ಹೇಳುತ್ತಿದ್ದೇನೆಂಬುದು ಅವನಿಗೇ ತಿಳಿಯದು. ಆದರೆ ಷಡ್ಡಕ ಸುಮ್ಮನಾದ. ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಷಡ್ಡಕ ಸುಮ್ಮನಾದ. ಊಟಕ್ಕೆ ಕೂತಾಗಲೂ ಅವನು ಆಗಾಗ ಆ ನೀಲಿ ಪರದೆಯ ಕಡೆ ತಿರುಗಿ ನೋಡುತ್ತಿದ್ದುದನ್ನು ಕಂಡು ನಿಮಿಷಪ್ಪ ಎರಡು ತುತ್ತು ಹೆಚ್ಚಿಗೆ ಉಂಡ.

ನೆಂಟರು ಹೋದ ಮೇಲೆ, ನನ್ನ ತಂಗಿಯ ಮಗುವಿನ ಫೋಟೋ ಎಲ್ಲಿ ಎಂದು ಹೆಂಡತಿ ಕೇಳಿದಳು. ಒಳಗಿದೆ ಎಂದ. ಒಳಗೆ ಅಂದರೆ ಎಲ್ಲಿ ಎಂದಳು. ಒಂದ್ನಿಮಿಷ ಎಂದ.

ಬುಧವಾರ ಮ್ಯಾನೇಜರು ಅವನನ್ನು ಕೋಣೆಗೆ ಕರೆಸಿ, ಕೂರಲು ಹೇಳಿದರು. ಆ ಕೋಣೆಯಲ್ಲಿ ನಿಮಿಷಪ್ಪ ಅದುವರೆಗೆ ಕೂತಿರಲೇ ಇಲ್ಲ, ಹಾಗಾಗಿ ಕೆಲಸ ಹೋಯಿತೆಂದೇ ತಿಳಿದ. ಮ್ಯಾನೇಜರು ಕೇಂದ್ರ ಕಚೇರಿಯ ಪತ್ರವೊಂದನ್ನು ಮೇಜಿನ ಮೇಲೆ ಅವನತ್ತ ತಳ್ಳಿದರು. ಸಂಸ್ಥೆಯ ಎಲ್ಲ ಕಂಪ್ಯೂಟರುಗಳ ಮೆನುಗಳು ವಿಪರೀತ ಗೊಂದಲವಾಗಿವೆ ಎಂದು ದೂರುಗಳು ಬಂದಿವೆಯಂತೆ. ಒಂದು ಕಚೇರಿಯಲ್ಲಿ ಮೊದಲು ಸರಳ ಮಾಡಿ ನೋಡಬೇಕಂತೆ. ಆ ಕಚೇರಿ ಇದೇ ಆಗಲಿ, ಯಾಕೆಂದರೆ ಈ ವಿಷಯದಲ್ಲಿ ಸ್ವಂತ ಆಸಕ್ತಿಯಿಂದ ಪ್ರಯೋಗ ನಡೆಸಿರುವ ನುರಿತ ಸಿಬ್ಬಂದಿ ಒಬ್ಬರು ಅಲ್ಲಿದ್ದಾರೆ ಎಂದು ಬರೆದಿತ್ತು. ಕೊನೆಗೆ ಷಡ್ಡಕನ ಸಹಿ, ಅದರ ಮೇಲೆ ನಿಮಿಷಪ್ಪನ ನಿಜವಾದ ಹೆಸರಿತ್ತು. ಅದನ್ನು ಓದಿ, ಅದು ತಾನೇ ಎಂದು ತಿಳಿಯಲು ಅವನಿಗೂ ಸ್ವಲ್ಪ ಹೊತ್ತು ಹಿಡಿಯಿತು.

ನಿಮಿಷಪ್ಪ ಪತ್ರವನ್ನು ಹಿಂದಕ್ಕೆ ತಳ್ಳಿದ. "ಸಾರ್, ನನಗೆ ಕಂಪ್ಯೂಟರ್ ಬಗ್ಗೆ ಏನೂ ಗೊತ್ತಿಲ್ಲ. ನಿಜವಾಗ್ಲೂ," ಎಂದ.

"ಗೊತ್ತಿಲ್ಲದೋರೇ ಬೇಕು ಕಣ್ರೀ," ಎಂದರು ಮ್ಯಾನೇಜರು. "ಗೊತ್ತಿರೋರು ಮಾಡಿ ಮಾಡಿಯೇ ಹೀಗಾಗಿರೋದು." ಅವರಿಗೆ ತಮ್ಮ ಮಾತು ತುಂಬ ಹಿಡಿಸಿತು. ಅದನ್ನೇ ಇನ್ನೊಂದು ಸಲ ಹೇಳಿ, ಗಂಟೆ ಬಾರಿಸಿ, ಎರಡು ಟೀ ತರಿಸಿದರು. ಮ್ಯಾನೇಜರರ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು ಟೀ ಕುಡಿದವನು ಆಮೇಲೆ ಒಲ್ಲೆ ಎನ್ನುವುದು ಹೇಗೆ?

ಆ ಕಚೇರಿ ಬಸ್ ನಿಲ್ದಾಣದ ಹಿಂಬದಿಯಲ್ಲಿದೆ. ಮುಂದೆ ಕಂಬಿ ಹಾಕಿದ ಕೌಂಟರು, ಒಳಗೆ ಮೂರು ಮೇಜು, ಮೂರು ಕಂಪ್ಯೂಟರು, ಹಿಂದೆ ಕಬ್ಬಿಣದ ಬಾಗಿಲಿನ ಉಗ್ರಾಣ. ಕಂಪ್ಯೂಟರು ಹಚ್ಚಿದರೆ ಹನ್ನೊಂದು ಸಾಲಿನ ಮೆನು ಬರುತ್ತಿತ್ತು. ಪ್ರತಿ ಸಾಲಿಗೂ ನಂಬರು. ನಂಬರು ಒತ್ತಿದರೆ ಅದರೊಳಗೆ ಇನ್ನೊಂದು ಮೆನು, ಅದರೊಳಗೆ ಮತ್ತೊಂದು. ಮನುಷ್ಯ ಕಳೆದುಕೊಳ್ಳಬಹುದಾದ ವಸ್ತುಗಳನ್ನು ಯಾರೋ ಪುಣ್ಯಾತ್ಮ ಕೂತು ನೂರ ನಲವತ್ತಮೂರು ಬಗೆಯಾಗಿ ವಿಂಗಡಿಸಿದ್ದ. ಛತ್ರಿಯಲ್ಲೇ ಏಳು ಬಗೆ. ಕೈಗವಸಿನಲ್ಲಿ ಎಡಗೈ ಬೇರೆ, ಬಲಗೈ ಬೇರೆ.

ಈ ಕಾಡಿನಲ್ಲಿ ಕಣ್ಣುಮುಚ್ಚಿಕೊಂಡು ಓಡಾಡಬಲ್ಲವರು ಇದ್ದದ್ದು ಒಬ್ಬರೇ, ಕೌಂಟರಿನ ದೊಡ್ಡಕ್ಕ. ಮೂವತ್ತು ವರ್ಷ ಅದೇ ಕುರ್ಚಿ, ನಿವೃತ್ತಿಗೆ ಇನ್ನು ಎಂಟು ತಿಂಗಳು. ಕಂಬಿಯ ಆಚೆ ಬಂದು ನಿಂತವರು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಕ್ಕನ ಬೆರಳು ಓಡುತ್ತಿತ್ತು. ಬಾಯಿ ಬೊಚ್ಚಾಗಿದ್ದರೆ ಒಂಬತ್ತು, ನಾಲ್ಕು, ಎರಡು. ಕಣ್ಣು ಕಿರಿದು ಮಾಡಿದರೆ ಒಂಬತ್ತು, ಒಂದು. ಪರದೆಯನ್ನು ನೋಡುತ್ತಿರಲಿಲ್ಲ, ಬಂದವರ ಮುಖವನ್ನೇ ನೋಡುತ್ತಿದ್ದರು. ಕಳೆದುಕೊಂಡವರಿಗೆ ಅರ್ಧ ಸಮಾಧಾನ ಅದರಿಂದಲೇ ಆಗುತ್ತಿತ್ತು. ನಿಮಿಷಪ್ಪ ಎಡಗೈ ಕವಸಿಗೆ ಬಲಗೈ ಚೀಟಿ ಕಟ್ಟಿದಾಗಲೆಲ್ಲ, ಯಾರಿಗೂ ಹೇಳದೆ ಬಿಚ್ಚಿ ಸರಿಯಾಗಿ ಕಟ್ಟಿದವರೂ ಅವರೇ.

ಮೆನುವಿನಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ನಿಮಿಷಪ್ಪ ಎಲ್ಲರನ್ನೂ ಕೇಳುತ್ತ ಹೋದ. ನಮೂದಿನ ಗುಮಾಸ್ತ ತನ್ನ ಕೆಲಸದ್ದೆಲ್ಲ ಬೇಕು, ಉಳಿದವರದೆಲ್ಲ ದಂಡ ಎಂದ. ಉಗ್ರಾಣದವನು ತಾನು ಕಂಪ್ಯೂಟರು ಮುಟ್ಟುವುದಿಲ್ಲ, ಆದರೆ ದೂರದಿಂದ ನೋಡಲು ಬಣ್ಣ ಸ್ವಲ್ಪ ಚೆನ್ನಾಗಿರಲಿ ಎಂದ. ದೊಡ್ಡಕ್ಕ ಮಾತ್ರ ಕನ್ನಡಕ ತೆಗೆದು ಅವನನ್ನು ನೋಡಿದರು.

"ಅದರ ಪಾಡಿಗೆ ಅದಿದೆ. ಯಾಕಪ್ಪಾ ಮುಟ್ಟಕ್ಕೆ ಹೋಗ್ತೀಯ?"

"ಮೇಲಿನೋರ ಆರ್ಡರು ಅಕ್ಕಾ."

"ಏನಾದ್ರೂ ಮಾಡ್ಕೊ. ನನ್ನ ನಂಬರುಗಳನ್ನ ಮಾತ್ರ ಹಂಗೇ ಇಡು. ಎಂಟು ತಿಂಗಳು ಅಷ್ಟೇ."

ಖಂಡಿತ ಇಡುತ್ತೇನೆ ಎಂದು ನಿಮಿಷಪ್ಪ ಮಾತು ಕೊಟ್ಟ. ಕೊಡುವಾಗ ಅದು ಪ್ರಾಮಾಣಿಕವಾದ ಮಾತೇ ಆಗಿತ್ತು.

ಮನೆಯಲ್ಲಿ ನಾಲ್ಕು ದಿನ ಬಿಳಿ ಹಾಳೆಯ ಮುಂದೆ ಕೂತ. ಪೆನ್ನಿನ ಹಿಂಬದಿ ಕಚ್ಚಿ ಕಚ್ಚಿ ಬಾಯೆಲ್ಲ ನೀಲಿಯಾಯಿತೇ ಹೊರತು ಹಾಳೆಯ ಮೇಲೆ ಏನೂ ಮೂಡಲಿಲ್ಲ. ಕೊನೆಗೆ ಹೆಂಡತಿಯೇ ಕನಿಕರಪಟ್ಟು, ಅಡುಗೆಮನೆಯಲ್ಲಿ ನಾನೇನು ಮಾಡುತ್ತೇನೆ ನೋಡಿಲ್ಲವಾ ಎಂದಳು. ದಿನಾ ಬೇಕಾಗುವ ಡಬ್ಬಿ ಮುಂದೆ, ಅಪರೂಪಕ್ಕೆ ಬೇಕಾಗುವುದು ಹಿಂದೆ. ನಿಮಿಷಪ್ಪನಿಗೆ ಜ್ಞಾನೋದಯವಾಯಿತು. ಕಚೇರಿಯಲ್ಲಿ ದಿನಾ ನಡೆಯುವುದೇನು? ವಸ್ತು ಬರುತ್ತದೆ, ಇರುತ್ತದೆ, ಹೋಗುತ್ತದೆ. ಹಾಳೆಯ ಮೇಲೆ ಮೂರು ದೊಡ್ಡ ಗುಂಡಿ ಬರೆದ: ಬಂತು, ಇದೆ, ಹೋಯ್ತು. ಉಳಿದ ನೂರ ನಲವತ್ತಮೂರನ್ನು ಎಲ್ಲಿಡುವುದೆಂದು ಯೋಚಿಸಿ ನಾಲ್ಕನೆಯದನ್ನೂ ಬರೆದ: ಇತರೆ. ಆಮೇಲೆ ನೆಮ್ಮದಿಯಾಗಿ ಮಲಗಿದ. ಈ ಕಥೆಯಲ್ಲಿ ಅವನು ನೆಮ್ಮದಿಯಾಗಿ ಮಲಗಿದ್ದು ಅದೇ ಕೊನೆ.

ಹಾಳೆಯನ್ನು ಕಾರ್ಯರೂಪಕ್ಕೆ ತರಲು ಕೇಂದ್ರ ಕಚೇರಿಯಿಂದ ಪ್ರೋಗ್ರಾಮರ್ ಮೇಡಂ ಬಂದರು. ದಣಿದ ಮುಖದ, ಮಿತಭಾಷಿ ಹೆಂಗಸು. ಯಾರು ಏನು ಕೇಳುತ್ತಾರೋ ಅದನ್ನು ಹಾಗೆಯೇ ಮಾಡಿಕೊಟ್ಟು, ಕೆಳಗೆ ಅವರ ಸಹಿ ಹಾಕಿಸಿಕೊಳ್ಳುವುದು ಅವರು ಇಪ್ಪತ್ತು ವರ್ಷಗಳ ಅನುಭವದಿಂದ ಕಲಿತ ವಿದ್ಯೆ. ಇತರೆಯಲ್ಲಿ ನೂರ ನಲವತ್ತಮೂರೂ ಯಾವ ಕ್ರಮದಲ್ಲಿ ಬರಬೇಕು ಎಂದು ಕೇಳಿದರು. ಅದಕ್ಕೊಂದು ಕ್ರಮ ಬೇಕೆಂಬುದು ನಿಮಿಷಪ್ಪನಿಗೆ ಹೊಳೆದೇ ಇರಲಿಲ್ಲ. ತಾನಾಗಿ ಹೇಗೆ ಬರುತ್ತದೋ ಹಾಗೆ ಬರಲಿ ಎಂದ. ಮೇಡಂ ಬರೆದುಕೊಂಡರು.

"ಮೇಡಂ, ಆ ಒಂಬತ್ತು-ನಾಲ್ಕು-ಎರಡು ಮಾತ್ರ ಹಾಗೇ ಇರ್ಬೇಕು," ಎಂದ.

"ಇರೋದೇ ನಾಲ್ಕು ಬಟನ್ನು. ಒಂಬತ್ತು ಎಲ್ಲಿಂದ ತರ್ಲಿ ಸಾರ್?"

ನಿಮಿಷಪ್ಪ ತನ್ನ ಹಾಳೆಯನ್ನು ವಾಪಸು ಎಳೆದುಕೊಳ್ಳಲು ನೋಡಿದ. ಹಾಗಾದರೆ ಇದೆಲ್ಲ ಬೇಡ, ಹಳೆಯದೇ ಇರಲಿ, ನನಗೆ ನಿಜಕ್ಕೂ ಇದೇನೂ ಬರುವುದಿಲ್ಲ ಎಂದು ಹೇಳಿದ. ಎಲ್ಲರೂ ಸಹಿ ಹಾಕುವ ಮೊದಲು ಹೀಗೆಯೇ ಹೇಳುತ್ತಾರೆ ಎಂದು ಮೇಡಂ ಕಾಗದ ಮುಂದಿಟ್ಟರು. ಅಷ್ಟರಲ್ಲಿ ಹಿಂದೆ ಬಂದು ನಿಂತಿದ್ದ ಮ್ಯಾನೇಜರು ನಾಲ್ಕು ಗುಂಡಿಯ ಚಿತ್ರ ನೋಡಿ, ಮಗು ಕೂಡ ಒತ್ತಬಹುದು ಕಣ್ರೀ ಎಂದು ಭುಜ ತಟ್ಟಿದರು. ತಟ್ಟಿದ ರಭಸಕ್ಕೆ ಪೆನ್ನು ಕಾಗದಕ್ಕೆ ತಾಗಿತು. ತಾಗಿದ ಮೇಲೆ ಸಹಿಯನ್ನು ಅರ್ಧಕ್ಕೆ ಬಿಡುವುದು ಚೆನ್ನಾಗಿರುವುದಿಲ್ಲವೆಂದು ಅವನು ಪೂರ್ತಿ ಮಾಡಿದ.

ಮುಂದಿನ ಸೋಮವಾರ ಹೊಸ ಪರದೆ ಬಂತು. ತಿಳಿ ಹಸಿರು ಹಿನ್ನೆಲೆ, ನಾಲ್ಕು ದುಂಡು ಗುಂಡಿ. ಉಗ್ರಾಣದವನಿಗೆ ಬಣ್ಣ ಬಹಳ ಮೆಚ್ಚಿಗೆಯಾಯಿತು. ಹತ್ತು ಗಂಟೆಗೆ ಕಂಬಿಯ ಆಚೆ ಮೊದಲ ಗಿರಾಕಿಯಾಗಿ ಬೊಚ್ಚುಬಾಯಿಯ ಅಜ್ಜನೊಬ್ಬ ಬಂದು ನಿಂತ. ದೊಡ್ಡಕ್ಕ ಅವನ ಮುಖ ನೋಡುತ್ತಲೇ ಒಂಬತ್ತು, ನಾಲ್ಕು, ಎರಡು ಒತ್ತಿದರು. ಕಂಪ್ಯೂಟರು ಟುಣ್ ಎಂದಿತು. ಮತ್ತೆ ಒತ್ತಿದರು. ಮತ್ತೆ ಟುಣ್. ಮೂರನೆಯ ಸಲ ನಿಧಾನವಾಗಿ, ಪ್ರತಿ ಬೆರಳನ್ನೂ ಎತ್ತಿ ಎತ್ತಿ ಒತ್ತಿದರು. ಆಮೇಲೆ ಕನ್ನಡಕ ಹಾಕಿಕೊಂಡು ಪರದೆ ನೋಡಿದರು. ಇದೆ ಎಂಬ ಗುಂಡಿ ಒತ್ತಿದಾಗ, ಇದೆ ಎಂದೇ ಬಂತು. ಎಲ್ಲಿದೆ ಎಂದು ನೋಡಿದರೆ, ಇತರೆ. ಇತರೆಯೊಳಗೆ ಆರು ಸಾವಿರದ ಇನ್ನೂರ ಹದಿನಾಲ್ಕು ವಸ್ತುಗಳು ಒಂದರ ಕೆಳಗೊಂದು ಇಳಿದುಕೊಂಡು ಹೋಗಿದ್ದವು.

"ನಾಳೆ ಬನ್ನಿ," ಎಂದರು ದೊಡ್ಡಕ್ಕ.

ಮೂವತ್ತು ವರ್ಷಗಳಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಹೇಳಿದವರು ಯಾರೆಂದು ನೋಡಲು ಅವರೇ ಒಮ್ಮೆ ಪಕ್ಕಕ್ಕೆ ತಿರುಗಿದ ಹಾಗೆ ನಿಮಿಷಪ್ಪನಿಗೆ ಕಂಡಿತು. ಅವನು ಬೀರುವಿನ ಮರೆಯಲ್ಲಿ ಚೀಟಿ ಕಟ್ಟುವ ನೂಲನ್ನು ಬೆರಳಿಗೇ ಸುತ್ತಿಕೊಳ್ಳುತ್ತ ನಿಂತಿದ್ದ. ದೊಡ್ಡಕ್ಕ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅಂದು ಮಧ್ಯಾಹ್ನದ ಊಟವಾದರೂ ಗಂಟಲಲ್ಲಿ ಇಳಿಯುತ್ತಿತ್ತೇನೋ.

ಮುಂದಿನದು ಬೇಗ ಬೇಗ ನಡೆಯಿತು. ಬಗೆ ಆರಿಸುವ ಗೋಜಿಲ್ಲವೆಂದು ನಮೂದಿನ ಗುಮಾಸ್ತ ಬಂದದ್ದನ್ನೆಲ್ಲ ಇತರೆಗೆ ಸೇರಿಸತೊಡಗಿದ. ಚೀಟಿಯ ಮೇಲೆ ಬಗೆಯಿಲ್ಲವೆಂದು ಉಗ್ರಾಣದವನು ಎಲ್ಲಿ ಜಾಗವಿತ್ತೋ ಅಲ್ಲಿ ತುರುಕಿದ. ಕಂಬಿಯ ಆಚೆ ಸಾಲು ನಿಲ್ದಾಣದ ಗಡಿಯಾರದ ಕಂಬದವರೆಗೆ ಬೆಳೆಯಿತು. ಮ್ಯಾನೇಜರು ಏನಾದರೂ ಮಾಡಿ ಎಂದಾಗ, ನಿಮಿಷಪ್ಪ ಗಾಬರಿಯಲ್ಲಿ ಇತರೆ ಗುಂಡಿಯ ಒಳಗೇ ಎರಡು ಭಾಗ ಮಾಡಿಸಿದ: ಮುಖ್ಯ ಇತರೆ, ಸಾಮಾನ್ಯ ಇತರೆ. ತಾನು ಕಳೆದುಕೊಂಡದ್ದು ಸಾಮಾನ್ಯ ಎಂದು ಒಪ್ಪುವ ಮನುಷ್ಯ ಯಾರಿದ್ದಾನೆ? ಒಂದೇ ವಾರದಲ್ಲಿ ಎಲ್ಲವೂ ಮುಖ್ಯವಾಯಿತು. ಅತಿಮುಖ್ಯ ಇತರೆ ಎಂದು ಇನ್ನೊಂದು ಮಾಡಿಸಿದ. ಅದಕ್ಕೆ ಮೊದಲು ಬಿದ್ದದ್ದು ಹರಿದ ಒಂದು ಕಾಲುಚೀಲ.

ಹೀಗಿರುವಾಗ ದರ್ಜಿ ಬಂದ. ಅವನು ಕಳೆದುಕೊಂಡದ್ದು ಅಳತೆ ಪುಸ್ತಕ. ಕಂದು ರಟ್ಟು, ಮೇಲೆ ಎಣ್ಣೆ ಕಲೆ, ಒಳಗೆ ಹನ್ನೆರಡು ವರ್ಷದ ಗಿರಾಕಿಗಳ ಸೊಂಟ, ತೋಳು, ಎದೆ. ಮೂವತ್ತೆಂಟು ಜನರ ಬಟ್ಟೆ ಅರ್ಧ ಕತ್ತರಿಸಿ ಅಂಗಡಿಯಲ್ಲಿ ಬಿದ್ದಿದೆಯಂತೆ. ಮತ್ತೆ ಅಳತೆ ಕೊಡಿ ಎಂದು ಕರೆದರೆ ಪುಸ್ತಕ ಕಳೆದದ್ದು ಗೊತ್ತಾಗಿ, ಗಿರಾಕಿಗಳು ಎದುರಿನ ಅಂಗಡಿಗೆ ಹೋಗುತ್ತಾರಂತೆ. ನಿಮಿಷಪ್ಪ ಅವನಿಗೆ ಹೊಸ ವ್ಯವಸ್ಥೆಯನ್ನು ವಿವರಿಸಲು ಹೋದ. ಈಗ ನಾಲ್ಕೇ ಗುಂಡಿ, ಎಲ್ಲ ಸುಲಭ ಎಂದ.

ದರ್ಜಿ ಕಂಬಿಯ ಸಂದಿಯಿಂದ ಹಸಿರು ಪರದೆಯನ್ನು ಇಣುಕಿ ನೋಡಿದ. "ಒಂದು ಶರ್ಟು ಮುಚ್ಚಕ್ಕೇ ಏಳು ಗುಂಡಿ ಬೇಕು ಸ್ವಾಮಿ," ಎಂದ.

ಅಂದಿನಿಂದ ದಿನಾ ಬಂದ. ಜಗಳವಾಡಲಿಲ್ಲ. ಬೆಂಚಿನ ಮೇಲೆ ಕೂತು, ಕಸುಬಿನ ಅಭ್ಯಾಸದಿಂದ ಎಲ್ಲರನ್ನೂ ಕಣ್ಣಲ್ಲೇ ಅಳೆಯುತ್ತಿದ್ದ. ಐದನೆಯ ದಿನ ನಿಮಿಷಪ್ಪನನ್ನು ನೋಡಿ, ನಿಮ್ಮ ಭುಜ ಮೊದಲ ದಿನಕ್ಕಿಂತ ಅರ್ಧ ಇಂಚು ಇಳಿದಿದೆ ಎಂದ. ಕುಹಕವಿರಲಿಲ್ಲ, ಬರೀ ಅಳತೆ ಹೇಳಿದ. ಅದು ನಿಜವೂ ಆಗಿತ್ತು.

ನಿಮಿಷಪ್ಪ ಆ ಸಂಜೆ ಷಡ್ಡಕನಿಗೆ ಫೋನು ಮಾಡಿ, ಹತ್ತೊಂಬತ್ತು ವರ್ಷಗಳ ಅಭಿಮಾನವನ್ನು ನುಂಗಿಕೊಂಡು, ನಡೆದದ್ದನ್ನೆಲ್ಲ ಹೇಳಿದ. ಅವತ್ತು ತಾನು ಏನೂ ಸರಳ ಮಾಡಿರಲಿಲ್ಲ, ಕೈತಪ್ಪಿ ಆದದ್ದು, ದಯವಿಟ್ಟು ಆ ಆರ್ಡರು ವಾಪಸು ಮಾಡಿಸಿ ಎಂದು ಬೇಡಿಕೊಂಡ. ಷಡ್ಡಕ ಎಲ್ಲ ಕೇಳಿಸಿಕೊಂಡು ಗಂಟಲು ಸರಿಮಾಡಿಕೊಂಡ.

"ಅರ್ಥ ಆಯ್ತು ಬಿಡಿ. ಇಷ್ಟು ಮಾಡಿದ್ರೂ ಮೇಲಿಂದ ಯಾರೂ ಬಂದು ನೋಡ್ಲಿಲ್ಲ ಅಂತ ನಿಮಗೆ ಬೇಜಾರು. ನಾನು ಕಳಿಸ್ತೀನಿ."

ನಿಮಿಷಪ್ಪ ಬೇಡ ಬೇಡ ಎನ್ನುತ್ತಿದ್ದಂತೆ ಷಡ್ಡಕ ಫೋನು ಇಟ್ಟ. ಹೆಂಡತಿಯ ಹತ್ತಿರ ಹೇಳಿಕೊಂಡರೆ ಅವಳು, ಯಾವಾಗ ನೋಡಿದರೂ ನಿಮ್ಮನ್ನು ನೀವೇ ಕೀಳು ಮಾಡಿಕೊಳ್ಳುತ್ತೀರಿ, ಅಕ್ಕನ ಮನೆಯಲ್ಲೆಲ್ಲ ನಿಮ್ಮದೇ ಮಾತಂತೆ, ಭಾವ ಕೂಡ ಹೊಗಳಿದರಂತೆ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಮದುವೆಯಾದಾಗಿನಿಂದ ಅವಳು ಅಕ್ಕನ ಮನೆಯಿಂದ ತಲೆಯೆತ್ತಿಕೊಂಡು ಬಂದದ್ದು ಅದೇ ಮೊದಲು. ಅವಳ ಮುಂದೆ ನಿಜವನ್ನು ಎರಡನೆಯ ಸಲ ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಸಮಿತಿ ಗುರುವಾರ ಬಂತು. ಮೂವರು. ಮುಂದೆ ಅಧ್ಯಕ್ಷೆ, ಹಿಂದೆ ಅಧ್ಯಕ್ಷೆ ಹೇಳಿದ್ದಕ್ಕೆ ಹೂಂಗುಟ್ಟುವ ಇಬ್ಬರು. ಸಾಲು ನೋಡಿ ಅವರು ಏನೆಂದುಕೊಂಡಾರೋ ಎಂದು ಮ್ಯಾನೇಜರು ಬೆಳಿಗ್ಗೆಯೇ 'ದಾಸ್ತಾನು ಪರಿಶೀಲನೆ, ಕೌಂಟರ್ ಮೂರು ಗಂಟೆಗೆ' ಎಂಬ ಫಲಕ ತಗುಲಿಸಿ ಜನರನ್ನೆಲ್ಲ ಕಳಿಸಿಬಿಟ್ಟಿದ್ದರು. ಅಧ್ಯಕ್ಷೆ ಬಂದವರೇ ಖಾಲಿ ಬೆಂಚು ನೋಡಿ, ಹಿಂದೆ ಇಲ್ಲಿ ಸಾಲಿರುತ್ತಿತ್ತಲ್ಲ ಎಂದು ಕೇಳಿದರು. ಇರುತ್ತಿತ್ತು ಎಂದರು ಮ್ಯಾನೇಜರು. ಅದು ಸುಳ್ಳಲ್ಲ. ಸರಳೀಕರಣದಿಂದ ಸಾಲು ಸಂಪೂರ್ಣ ಕರಗಿದೆ ಎಂದು ಹಿಂದಿನವರಲ್ಲೊಬ್ಬರು ಬರೆದುಕೊಂಡರು.

ಆಮೇಲೆ ಅವರು ಪರದೆಯ ಮುಂದೆ ನಿಂತರು. ಚಿತ್ರಪ್ರದರ್ಶನದಲ್ಲಿ ನಿಲ್ಲುವ ಹಾಗೆ, ಎರಡು ಹೆಜ್ಜೆ ಹಿಂದೆ, ಕೈಕಟ್ಟಿಕೊಂಡು. ಯಾರೂ ಏನನ್ನೂ ಒತ್ತಲಿಲ್ಲ. ದೊಡ್ಡಕ್ಕ ತಮ್ಮ ಕುರ್ಚಿಯಿಂದ ಎದ್ದು, ಬೇಕಾದರೆ ಒಂದು ವಸ್ತು ಹುಡುಕಿ ನೋಡಿ ಎಂದರು. ಪರವಾಗಿಲ್ಲ, ನೋಡಿದರೇ ಗೊತ್ತಾಗುತ್ತದೆ ಎಂದರು ಅಧ್ಯಕ್ಷೆ.

ನಿಮಿಷಪ್ಪನಿಗೆ ಅದೇ ಕೊನೆಯ ಅವಕಾಶವೆಂದು ತೋರಿತು. ಮೇಜು ಹಿಡಿದುಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದ: "ಮೇಡಂ, ನಾನಿದನ್ನ ಮಾಡ್ಲಿಲ್ಲ. ನಾನು ಏನೂ ಮಾಡ್ಲಿಲ್ಲ. ಎಲ್ಲ ತಾನಾಗೇ ಮಾಯ ಆಯ್ತು, ನಾನು ಸುಮ್ಮನೆ ನೋಡ್ತಾ ಕೂತಿದ್ದೆ. ಇದರಲ್ಲಿ ಯಾರಿಗೂ ಏನೂ ಸಿಗ್ತಿಲ್ಲ."

ಮ್ಯಾನೇಜರರ ಮುಖದ ಬಣ್ಣ ಪರದೆಯ ಬಣ್ಣಕ್ಕೆ ತಿರುಗಿತು. ಅಧ್ಯಕ್ಷೆ ನಿಧಾನವಾಗಿ ಪುಸ್ತಕ ತೆರೆದು, ಹಿಂದಿನವರಿಗೆ ಹೇಳುವುದನ್ನು ಬಿಟ್ಟು, ತಮ್ಮ ಕೈಯಾರೆ ಬರೆಯತೊಡಗಿದರು.

"ಎಂಥ ಮಾತು," ಎಂದರು. "ಮಾಡಿದವನೇ ಕಾಣಬಾರದು. ಬೇಡದ್ದು ತಾನಾಗಿ ಮಾಯ ಆಗ್ಬೇಕು. ಆ ಕೊನೇದು ಇನ್ನೊಂದ್ಸಲ ಹೇಳಿ, ಯಾರಿಗೂ ಏನೂ...?"

"ಸಿಗ್ತಿಲ್ಲ," ಎಂದ ನಿಮಿಷಪ್ಪ ಕ್ಷೀಣವಾಗಿ.

"ತೊಡಕು," ಎಂದು ಪೂರ್ತಿ ಮಾಡಿದರು ಅಧ್ಯಕ್ಷೆ. "ಯಾರಿಗೂ ಏನೂ ತೊಡಕು ಸಿಗ್ತಿಲ್ಲ." ಹಿಂದಿನ ಇಬ್ಬರೂ ಹೂಂಗುಟ್ಟಿದರು. ಈ ಪರದೆಯನ್ನು ಮುಂದಿನ ತಿಂಗಳಿನಿಂದ ಸಂಸ್ಥೆಯ ಇಪ್ಪತ್ತಾರು ಕಚೇರಿಗಳಿಗೂ ಹಾಕಿಸುವುದೆಂದು ಅಲ್ಲೇ ತೀರ್ಮಾನವಾಯಿತು. ಬಾಗಿಲ ಹತ್ತಿರ ಹೋದ ಅಧ್ಯಕ್ಷೆ ತಿರುಗಿ ನಿಂತು, ಕಣ್ಣು ಕಿರಿದುಮಾಡಿ ಪರದೆಯನ್ನು ಇನ್ನೊಮ್ಮೆ ನೋಡಿ, ನಾಲ್ಕೂ ಬೇಕಾ, ಎರಡು ಸಾಲದಾ, ಯೋಚಿಸಿ ಎಂದು ಹೇಳಿ ಹೊರಟರು. ಮ್ಯಾನೇಜರು ಅವರನ್ನು ಕಾರಿನವರೆಗೆ ಬಿಡಲು ಓಡಿದರು.

ಮೂರು ಗಂಟೆಗೆ ಫಲಕ ತೆಗೆದಾಗ ಸಾಲಿನ ಮೊದಲಿಗೆ ದರ್ಜಿ ನಿಂತಿದ್ದ. ದೊಡ್ಡಕ್ಕ ಅವನ ಮುಖ ನೋಡಿದರು, ಪರದೆ ನೋಡಿದರು. ಆಮೇಲೆ ಕಂಪ್ಯೂಟರನ್ನು ಆರಿಸಿದರು. ಡ್ರಾಯರಿನಿಂದ ಒಂದು ಹಾಳೆ ತೆಗೆದು, ಸಾಲಿನಲ್ಲಿ ನಿಂತಿದ್ದ ಹನ್ನೆರಡು ಜನರ ಹೆಸರು, ಅವರವರು ಕಳೆದುಕೊಂಡದ್ದು ಏನು, ಯಾವ ಬಣ್ಣ, ಯಾವ ಬಸ್ಸು ಎಂದು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡರು. ಹಾಳೆಯನ್ನು ಮಡಿಸಿ, ಉಗ್ರಾಣದ ಬೀಗದ ಕೈ ತೆಗೆದುಕೊಂಡು ಒಳಗೆ ನಡೆದರು. ನಿಮಿಷಪ್ಪ ಯಾರೂ ಕರೆಯದೆ ಹಿಂದೆಯೇ ಹೋದ.

ಉಗ್ರಾಣದೊಳಗೆ ಮೂರು ವಾರದ ಇತರೆ ಸೂರಿನವರೆಗೆ ಬೆಳೆದಿತ್ತು. ಛತ್ರಿಗಳ ನಡುವೆ ಬೂಟು, ಬೂಟಿನೊಳಗೆ ಕನ್ನಡಕ, ಯಾರದೋ ತಂಬೂರಿಯ ಕೊರಳಿಗೆ ಮಗುವಿನ ಟೋಪಿ. ದೊಡ್ಡಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲ ಪೆಟ್ಟಿಗೆ ಎಳೆದರು. ಎರಡು ಗಂಟೆ ಇಬ್ಬರೂ ಹುಡುಕಿದರು. ನಿಮಿಷಪ್ಪ ಪ್ರತಿ ವಸ್ತುವನ್ನೂ ಎತ್ತಿ ತೋರಿಸುವುದು, ದೊಡ್ಡಕ್ಕ ಹಾಳೆ ನೋಡಿ ತಲೆಯಾಡಿಸುವುದು. ಮೊದಲ ದಿನದಿಂದ ಅಲೆಯುತ್ತಿದ್ದ ಬೊಚ್ಚುಬಾಯಿಯ ಅಜ್ಜನ ಹಲ್ಲಿನ ಸೆಟ್ಟು ಒಂದು ಟೀ ಫ್ಲಾಸ್ಕಿನ ಮುಚ್ಚಳದಲ್ಲಿ ಸಿಕ್ಕಿತು. ಸಾಲಿನಲ್ಲಿದ್ದ ಹೆಂಗಸೊಬ್ಬಳ ಹೆಣಿಗೆ ಕಡ್ಡಿಗಳು ಸಿಕ್ಕವು. ಅಳತೆ ಪುಸ್ತಕ ಸಿಕ್ಕಿದ್ದು ಐದೂಕಾಲಿಗೆ, ಈಜುಡುಗೆಗಳ ಕೆಳಗೆ. ಕಂಬಿಯ ಹತ್ತಿರ ದರ್ಜಿ ಅದನ್ನು ಎರಡು ಕೈಯಲ್ಲೂ ತೆಗೆದುಕೊಂಡು, ಹಾಳೆ ಹಾಳೆ ತಿರುವಿ, ಎಲ್ಲ ಸೊಂಟಗಳೂ ಇದ್ದಾವೆ ಎಂದು ಖಚಿತಮಾಡಿಕೊಂಡು, ಅಂಗಿಯೊಳಗೆ ಸೇರಿಸಿಕೊಂಡು ಹೊರಟುಹೋದ.

ದೊಡ್ಡಕ್ಕ ಉಗ್ರಾಣಕ್ಕೆ ಮರಳಿ, ಹಾಳೆಯಲ್ಲಿ ದರ್ಜಿಯ ಹೆಸರಿಗೂ ಗೀಟು ಹಾಕಿದರು; ಅಲ್ಲಿಗೆ ಮೂರಾಯಿತು. ಇನ್ನೂ ಒಂಬತ್ತು ಉಳಿದಿದ್ದವು. ಇಂದು ಸಿಗದವರಿಗೆ ನಾಳೆ, ನಾಳೆ ಬರುವವರಿಗೆ ನಾಡಿದ್ದು. ಮುಂದಿನ ತಿಂಗಳಿನಿಂದ ಇಪ್ಪತ್ತಾರು ಊರುಗಳಲ್ಲಿ ಇದೇ ಹುಡುಕಾಟ. ನಿಮಿಷಪ್ಪ ಮಗುಚಿಟ್ಟ ಪೆಟ್ಟಿಗೆಯೊಂದರ ಮೇಲೆ ಕುಸಿದು ಕೂತ.

"ಅಕ್ಕಾ, ನಿಮಗೆ ಮಾತು ಕೊಟ್ಟು ತಪ್ಪಿದೆ," ಎಂದ. "ಅವತ್ತು ಮನೇಲಿ ನಾನು ಸರಳ ಗಿರಳ ಏನೂ ಮಾಡಿರ್ಲಿಲ್ಲ. ಕೈತಪ್ಪಿ ಎಲ್ಲ ಅಳಿಸ್ಹೋಯ್ತು. ಷಡ್ಡಕನ ಮುಂದೆ ಮರ್ಯಾದೆ ಹೋಗುತ್ತೆ ಅಂತ 'ಸರಳ ಮಾಡಿದೀನಿ' ಅಂದ್ಬಿಟ್ಟೆ. ನನಗೆ ಏನೂ ಬರಲ್ಲ ಅಕ್ಕಾ. ನಾನೊಬ್ಬ ದಡ್ಡ."

ದೊಡ್ಡಕ್ಕ ಗೋಡೆಗೆ ಒರಗಿಸಿದ್ದ ಏಣಿಯನ್ನು ಎತ್ತಿ ಕಪಾಟುಗಳ ಏಳನೆಯ ಸಾಲಿಗೆ ಇಡುತ್ತಿದ್ದರು.

"ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ಯಾ?"

"ಎಲ್ರಿಗೂ ಹೇಳ್ದೆ. ಮ್ಯಾನೇಜರಿಗೆ, ಷಡ್ಡಕನಿಗೆ, ಮನೇಲಿ, ಸಮಿತಿಯೋರಿಗೂ ಹೇಳ್ದೆ. ಒಬ್ರೂ ನಂಬ್ಲಿಲ್ಲ."

"ನಾನು ನಂಬ್ತೀನಿ," ಎಂದರು ದೊಡ್ಡಕ್ಕ, ತಿರುಗಿಯೂ ನೋಡದೆ.

ಅಷ್ಟು ಬೇಗ ನಂಬಬೇಕಾಗಿರಲಿಲ್ಲ ಎಂದು ನಿಮಿಷಪ್ಪನಿಗೆ ಅರೆಗಳಿಗೆ ಅನ್ನಿಸದೆ ಇರಲಿಲ್ಲ. ಆದರೆ ಇಷ್ಟು ದಿನಗಳಲ್ಲಿ ಅವನ ಮಾತನ್ನು ಅವನು ಹೇಳಿದ ಅರ್ಥದಲ್ಲೇ ಕೇಳಿಸಿಕೊಂಡವರು ಇವರೊಬ್ಬರೇ. ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ ಮೂಗೆಳೆದ. ಏಳಲು ಹೋದ, ಕಾಲಿಗೆ ಯಾರದೋ ಊರುಗೋಲು ತೊಡರಿತು, ಎದ್ದ.

"ಅಳೋದಿದ್ರೆ ಆಮೇಲೆ ಅಳು. ಈಗ ಬಂದು ಏಣಿ ಹಿಡಿ," ಎಂದರು ದೊಡ್ಡಕ್ಕ, ಮೊದಲ ಮೆಟ್ಟಿಲಿನ ಮೇಲೆ ಕಾಲಿಡುತ್ತ. ನಿಮಿಷಪ್ಪ ಹೋಗಿ ಎರಡು ಕೈಯಲ್ಲೂ ಭದ್ರವಾಗಿ ಹಿಡಿದುಕೊಂಡ.